ಟೀವಿಗೆ ಅಕ್ಷತೆ ಹಾಕಬೇಡಿ

ಊರಿನ ಛತ್ರಗಳಲ್ಲಿ ಕೂತು ನೋಡಿದ ಮದುವೆಗಳಿಗಿಂತ ಕತಾರಿನ ಮುಐದರಿನಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ಕೂತು ನೋಡಿದ ಮದುವೆಗಳೇ ನನ್ನ ಲೆಕ್ಕದಲ್ಲಿ ಹೆಚ್ಚು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಪರಿಚಯದವರ ಪೈಕಿ ನಮ್ಮ ಟೀವಿ ಸ್ವಲ್ಪ ದೊಡ್ಡದು, ಅಷ್ಟೆ. ಊರಲ್ಲಿ ತಂಗಿಯದ್ದೋ ಅಣ್ಣನ ಮಗನದ್ದೋ ಮದುವೆಯಾದರೆ, ಹೋಗಲಾಗದೆ ಕತಾರಿನಲ್ಲೇ ಉಳಿದವರಿಗೆ ಕೆಲವು ವಾರಗಳ ಮೇಲೆ ಅದರ ಸೀಡಿ ಬರುತ್ತದೆ. ರಜೆ ಮುಗಿಸಿ ಬರುವ ಯಾರದೋ ಪೆಟ್ಟಿಗೆಯಲ್ಲಿ, ಕುಚ್ಚಲಕ್ಕಿಗೂ ಒಣಮೀನಿಗೂ ನಡುವೆ ಮಲಗಿಕೊಂಡು ಬರುತ್ತದೆ. ಮುಂದಿನ ಶುಕ್ರವಾರ ಆ ಮದುವೆ ನಮ್ಮ ಹಾಲಿನಲ್ಲಿ ಇನ್ನೊಮ್ಮೆ ನಡೆಯಬೇಕು. ಹೆಂಗಸರು ರೇಷ್ಮೆ ಸೀರೆ ಉಟ್ಟೇ ಬರುತ್ತಾರೆ. ಮಲಯಾಳಿ ಅಂಗಡಿಯ ಬಾಳೆಲೆಯನ್ನು ಅರ್ಧರ್ಧ ಕತ್ತರಿಸಿ ನಾನು ಊಟಕ್ಕೆ ಹಾಕುತ್ತೇನೆ. ಇಂಥ ಮದುವೆಯಲ್ಲಿ ಅನುಕೂಲವೂ ಉಂಟು. ನೆಂಟರು ಸಾಲಾಗಿ ಬಂದು ಉಡುಗೊರೆ ಕೊಟ್ಟು ಫೋಟೋಕ್ಕೆ ನಿಲ್ಲುವ ಭಾಗವನ್ನು ಓಡಿಸಿಬಿಡಬಹುದು. ಆಗ ಎಂಥ ದೊಡ್ಡ ಮನುಷ್ಯರೂ ಇರುವೆಗಳ ಹಾಗೆ ಸ್ಟೇಜು ಹತ್ತಿ ಇಳಿಯುತ್ತಾರೆ. ಮಕ್ಕಳಿಗೆ ಇಡೀ ಮದುವೆಯಲ್ಲಿ ಇಷ್ಟವಾಗುವುದು ಅದೊಂದೇ.

ತೊಂದರೆ ಇರುವುದು ಅಕ್ಷತೆಯದು. ವಾದ್ಯ ಜೋರಾಯಿತೆಂದರೆ ನಮ್ಮ ಜನಕ್ಕೆ ಕೈ ಸುಮ್ಮನಿರುವುದಿಲ್ಲ, ಅಕ್ಕಿ ನೇರ ಟೀವಿಯ ಮೇಲೆ. ಟೀವಿಯ ಬುಡದಲ್ಲೇ ಸೀಡಿ ಪ್ಲೇಯರು. ಒಮ್ಮೆ ಅದು ಕೆಟ್ಟಾಗ ರಿಪೇರಿಯ ಮಲಯಾಳಿ ಬಿಚ್ಚಿ ನೋಡಿ, "ಚೇಚಿ, ಇದಕ್ಕೂ ಊಟ ಹಾಕುತ್ತೀರಾ" ಎಂದು ಕೇಳಿದ. ಅಂದಿನಿಂದ ನಾನೊಂದು ಕಾನೂನು ಮಾಡಿದೆ. ಅಕ್ಷತೆಯನ್ನು ಟೀವಿಗೆ ಹಾಕಬಾರದು. ನಾನು ಹಿಡಿದುಕೊಂಡು ಬರುವ ಸ್ಟೀಲಿನ ತಟ್ಟೆಗೆ ಹಾಕಬೇಕು. ನಮ್ಮದೇ ವಿಲ್ಲಾದ ಇನ್ನೊಂದು ಪಾಲಿನಲ್ಲಿರುವ ಉಳ್ಳಾಲದ ಜಮೀಲಾ ಯಾವ ಮದುವೆಯನ್ನೂ ತಪ್ಪಿಸುವವಳಲ್ಲ. "ಶಾರದಕ್ಕ, ನೀವು ತಟ್ಟೆ ಹಿಡಕೊಂಡು ಬರುವಾಗ ಚಂದಾ ಕೇಳಲಿಕ್ಕೆ ಬಂದ ಹಾಗೆ ಕಾಣುತ್ತದೆ" ಎಂದಳು.

ಈ ಮದುವೆಗಳಿಗೆಲ್ಲ ರಿಮೋಟು ಹಿಡಿಯುವವರು ವಿಠಲಣ್ಣ. ಇಲ್ಲೇ ಮೆಸಯೀದಿನ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಹೆಂಡತಿ ಸುಮತಿ, ಒಬ್ಬಳೇ ಮಗಳು, ಇಬ್ಬರೂ ಕಾರ್ಕಳದಲ್ಲಿ. "ಇಗೊಳ್ಳಿ, ಹುಡುಗನ ಮಾವ ನಿದ್ದೆಗೆ ಬಿದ್ದ" ಎಂದು ಚಿತ್ರ ನಿಲ್ಲಿಸಿ ತೋರಿಸಿ ನಮ್ಮನ್ನು ನಗಿಸುವವರು ಅವರೇ. ಮಗಳ ಮದುವೆ ನಿಶ್ಚಯವಾದಾಗ, ಧಾರೆ ಎರೆಯುವಾಗ ಉಡಬೇಕೆಂದು ಜರಿಯಂಚಿನ ಪಂಚೆ, ಶಾಲು ತಂದು ನನಗೆ ತೋರಿಸಿ ಹೋಗಿದ್ದರು. ಅಷ್ಟರಲ್ಲಿ ಪ್ಲಾಂಟು ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಮದುವೆಯ ವಾರಕ್ಕೇ ಬಂತು, ರಜೆ ರದ್ದಾಯಿತು. "ಖಲಾಸ್ ಅಕ್ಕ" ಎಂದರು ಫೋನಿನಲ್ಲಿ. "ಮುಹೂರ್ತ ಬದಲಿಸಲಿಕ್ಕೆ ಭಟ್ಟರು ಒಪ್ಪುವುದಿಲ್ಲ, ಶಟ್‌ಡೌನ್ ಬದಲಿಸಲಿಕ್ಕೆ ಮ್ಯಾನೇಜರು ಒಪ್ಪುವುದಿಲ್ಲ. ಬದಲಿಸಬಹುದಾದದ್ದು ಅಪ್ಪ ಒಬ್ಬನೇ." ಧಾರೆಗೆ ಗಂಡ ಹೆಂಡತಿ ಜೋಡಿಯೇ ಬೇಕಲ್ಲ, ಅವರ ಅಣ್ಣ ಅತ್ತಿಗೆ ಕೂತು ಎರೆದುಕೊಟ್ಟರು.

ಸೀಡಿ ಬಂದ ಶುಕ್ರವಾರ ವಿಠಲಣ್ಣ ಎಲ್ಲರಿಗಿಂತ ಮೊದಲು ಬಂದು, ನಮ್ಮ ಬಚ್ಚಲಿನಲ್ಲಿ ಪ್ಯಾಂಟು ಬಿಚ್ಚಿಟ್ಟು, ಅದೇ ಪಂಚೆ ಶಾಲು ಉಟ್ಟು ಹೊರಗೆ ಬಂದರು. ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಜಮೀಲಾ ಮಾತ್ರ ಗಂಭೀರವಾಗಿ, "ದಾರಿ ಬಿಡಿ, ಮದುಮಗಳ ಅಪ್ಪ ಬಂದರು" ಎಂದಳು. ಅವರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿದರು. "ಊಟ ಮಾಡದೆ ಹೋಗಬಾರದು" ಎಂದು ನಮ್ಮವರಿಗೂ ಹೇಳಿದರು. ನಮ್ಮವರು ತಮ್ಮ ಮನೆಯಲ್ಲೇ ನೆಂಟರ ಹಾಗೆ ನಾಚಿಕೊಂಡು ಸೋಫಾದ ತುದಿಯಲ್ಲಿ ಕೂತರು.

ಮದುವೆ ಸುಸೂತ್ರವಾಗಿ ಧಾರೆಯವರೆಗೆ ಬಂತು. ಮದುಮಗಳ ಕೈ, ಅದರ ಮೇಲೆ ವಿಠಲಣ್ಣನ ಅಣ್ಣ ಅತ್ತಿಗೆಯ ಕೈ, ನೀರು. ನಾನು ತಟ್ಟೆ ಹಿಡಿದು ಎದ್ದೆ. ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಅಷ್ಟರಲ್ಲಿ ವಿಠಲಣ್ಣ ಚಿತ್ರ ನಿಲ್ಲಿಸಿದರು. ಏನಾದರೂ ತಮಾಷೆ ತೋರಿಸುತ್ತಾರೆಂದು ಕೆಲವರು ಆಗಲೇ ನಗಲು ತಯಾರಾಗಿದ್ದರು.

ಅವರು ಎದ್ದು ಟೀವಿಯ ಹತ್ತಿರ ಹೋಗಿ ಮೂಲೆಗೆ ಬೆರಳಿಟ್ಟರು. ಮಂಟಪದ ಕಂಬದ ಹಿಂದೆ, ಅರ್ಧ ಕಾಣುವ ಹಾಗೆ, ಸುಮತಿ ನಿಂತಿದ್ದಳು. ಒಳ್ಳೆಯ ಸೀರೆ, ತಲೆತುಂಬ ಮಲ್ಲಿಗೆ. ಎದೆಗೆ ಒತ್ತಿ ಹಿಡಿದುಕೊಂಡಿದ್ದದ್ದು ಒಂದು ಹ್ಯಾಂಡ್‌ಬ್ಯಾಗು.

"ಅದು ಅತ್ತಿಗೆಯ ಬ್ಯಾಗು" ಎಂದರು ವಿಠಲಣ್ಣ. "ಅವರಿಗೆ ಧಾರೆಗೆ ಕೈ ಖಾಲಿ ಬೇಕಲ್ಲ, ಇವಳ ಹತ್ತಿರ ಕೊಟ್ಟಿದ್ದಾರೆ."

ಬೆರಳನ್ನು ಅವರು ತೆಗೆಯಲಿಲ್ಲ.

"ನಾನು ಹೋಗದಿದ್ದರೆ ನನಗೊಬ್ಬನಿಗೆ ಧಾರೆ ತಪ್ಪುವುದು ಅಂತ ಎಣಿಸಿದ್ದೆ. ಎಲ್ಲ ಚೆಂದ ಆಯ್ತು ಅಂತ ಸುಮತಿ ಫೋನಿನಲ್ಲಿ ಹೇಳಿದಳು, ಅಕ್ಕ. ಇದನ್ನು ಹೇಳಲೇ ಇಲ್ಲ."

ಆಮೇಲೆ ಮುಷ್ಟಿಯ ಅಕ್ಷತೆಯನ್ನು ಆ ಮೂಲೆಯಲ್ಲಿ, ಗಾಜಿನ ಮೇಲೆ ಮೆಲ್ಲಗೆ ಇಟ್ಟರು, ತಲೆಯ ಮೇಲೆ ಇಡುವ ಹಾಗೆ. ಗಾಜಿನ ಮೇಲೆ ಅಕ್ಕಿ ನಿಲ್ಲುತ್ತದೆಯೇ? ಜಾರಿ ನೇರ ಪ್ಲೇಯರಿನೊಳಗೆ ಹೋಯಿತು. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ನನ್ನ ಕಾನೂನು ಬಾಯಿಗೆ ಬರಲಿಲ್ಲ. ಮತ್ತೆ ಗುಂಡಿ ಒತ್ತಿದಾಗ ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು. ನಮ್ಮವರು ತಟ್ಟಿ ನೋಡಿದರು, ಉಳಿದವರು ಊದಿ ನೋಡಿದರು. ಹುಡುಗಿಗೆ ತಾಳಿ ಕಟ್ಟಿದ್ದನ್ನು ನಾವು ಆವತ್ತು ನೋಡಲೇ ಇಲ್ಲ. ಊಟಕ್ಕೆ ಮಾತ್ರ ವಿಠಲಣ್ಣ ಎಲೆಯಿಂದ ಎಲೆಗೆ ಹೋಗಿ ಪಾಯಸಕ್ಕೆ ಒತ್ತಾಯ ಮಾಡಿದರು. ಎಲ್ಲ ಮುಗಿದ ಮೇಲೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಊರಿಗೆ ಫೋನ್ ಮಾಡಿ, "ಅತ್ತಿಗೆಯ ಬ್ಯಾಗು ವಾಪಸು ಕೊಟ್ಟೆಯಾ?" ಎಂದು ಕೇಳಿದರು. ಆ ಕಡೆ ನಕ್ಕ ಹಾಗೆ ಕೇಳಿಸಿತು. ಅವರು ಗೋಡೆಯ ಕಡೆ ತಿರುಗಿಕೊಂಡರು. ನಾನು ಬೇಕೆಂದೇ ಪಾತ್ರೆ ಸದ್ದು ಮಾಡಿದೆ.

ಮೊನ್ನೆ ರಜೆಯಲ್ಲಿ ಹೋದಾಗ ನನ್ನ ತಮ್ಮನ ಮಗಳ ಮದುವೆ. ನಿಜವಾದ ಛತ್ರ, ನಿಜವಾದ ವಾದ್ಯ. ಎಲ್ಲರೂ ಅಕ್ಷತೆ ಹಾಕಿದರು, ನಾನು ಮುಷ್ಟಿ ಬಿಗಿದು ನಿಂತೇ ಇದ್ದೆ. "ಹಾಕಿ ಅತ್ತೆ, ಎಂತ ನೋಡ್ತೀರಿ?" ಎಂದು ಹಿಂದಿನಿಂದ ಯಾರೋ ಸೊಸೆ ಎಚ್ಚರಿಸಿದಳು. ನಾನು ಮಂಟಪವನ್ನು ಬಿಟ್ಟು ಒಂದೊಂದೇ ಕಂಬದ ಹಿಂದೆ ಹುಡುಕುತ್ತಿದ್ದೆ. ಅದೇ ಹೊತ್ತಿಗೆ ವೀಡಿಯೋದವನ ಲೈಟು ನನ್ನ ಮೇಲೆ ಬಿತ್ತು. ಆ ಸೀಡಿ ಈಗ ಬಂದಿದೆ. ಬರುವ ಶುಕ್ರವಾರ ನಮ್ಮ ಹಾಲಿನಲ್ಲೇ ಮದುವೆ. ತಾಳಿ ಕಟ್ಟುವ ಹೊತ್ತಿಗೆ ಮದುಮಕ್ಕಳಿಗೆ ಬೆನ್ನು ಹಾಕಿ, ಕೈಯಲ್ಲಿ ಅಕ್ಕಿ ಹಿಡಿದು, ಕಂಬ ನೋಡುತ್ತಾ ನಿಂತ ಹೆಂಗಸನ್ನು ಕಂಡು ಜಮೀಲಾ ಹೊಟ್ಟೆ ಹಿಡಿದು ನಗುತ್ತಾಳೆ, ಗೊತ್ತು. ರಿಮೋಟು ವಿಠಲಣ್ಣನ ಕೈಯಲ್ಲಿರುತ್ತದೆ. ಆ ಜಾಗ ಬಂದಾಗ ಅವರು ನಿಲ್ಲಿಸುವುದಿಲ್ಲ, ಓಡಿಸಿಬಿಡುತ್ತಾರೆ ಎಂದು ನಂಬಿಕೊಂಡಿದ್ದೇನೆ.