ಅಮ್ಮ ನೋಡಿದ ಗ್ರಹಣ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವರ್ಷ ವರ್ಷವೂ ಟಾರ್ಚು, ಕಾಲ್ಚೆಂಡು, ನಿಂಬೆಹಣ್ಣು ಹಿಡಿದು ಚಂದ್ರಗ್ರಹಣವನ್ನು ತರಗತಿಯಲ್ಲೇ ಮಾಡಿ ತೋರಿಸುತ್ತೇನೆ. ಆದರೆ ಆಕಾಶದಲ್ಲಿ ನಡೆಯುವ ನಿಜವಾದ ಗ್ರಹಣವನ್ನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ; ಹೊಟ್ಟೆಪಾಡಿನ ಪ್ರಶ್ನೆ ನೋಡಿ.

ತಪ್ಪು ನನ್ನದಲ್ಲ, ಅಮ್ಮನದು. ನಮ್ಮೂರು ಶೆಟ್ಟಿಹಳ್ಳಿ ಇನ್ನೂ ಹಳ್ಳಿಯೇ ಆಗಿದ್ದ ಕಾಲದಲ್ಲಿ ಗ್ರಹಣವೆಂದರೆ ನಮ್ಮ ಮನೆಯಲ್ಲಿ ಬಂದ್ ಇದ್ದ ಹಾಗೆ. ಸಂಜೆಗೇ ಊಟ ಮುಗಿಸಿ, ಉಪ್ಪಿನಕಾಯಿ ಜಾಡಿಯಿಂದ ನೀರಿನ ಹಂಡೆಯವರೆಗೆ ಎಲ್ಲದರ ಮೇಲೂ ದರ್ಭೆ ಹಾಕಿ, ಅಮ್ಮ ನಮ್ಮನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಮಲಗಿಸಿ ಚಿಲಕ ಹಾಕುತ್ತಿದ್ದಳು. ಅಪ್ಪ ಮಾತ್ರ ಅಂಗಳದಲ್ಲಿ ನಿಂತು, "ಹಿಡೀತು ಕಣೇ... ಅರ್ಧ ಆಯ್ತು..." ಎಂದು ಕೂಗಿ ಹೇಳುತ್ತಿದ್ದರು. ಕತ್ತಲಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಆ ಕಾಮೆಂಟರಿ ಕೇಳುವುದರಲ್ಲಿ ಎಂಥ ಸುಖವಿತ್ತು! ಗ್ರಹಣ ಬಿಟ್ಟ ಮೇಲೆ ನಿದ್ದೆಗಣ್ಣಿನಲ್ಲೇ ತಲೆಗೆ ನೀರು, ಆಮೇಲೆ ಒಂದು ಲೋಟ ಬಿಸಿ ಹಾಲು. ಈಗ ಆ ಮನೆಯೂ ಇಲ್ಲ, ಅಪ್ಪನೂ ಇಲ್ಲ.

ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಈಗ ನಾನು, ಅಮ್ಮ ಇಬ್ಬರೇ. ಈ ಸಲ ಪೂರ್ಣ ಗ್ರಹಣ ಎಂದು ತಿಳಿದಾಗ, ನೋಡಿಯೇ ತೀರಬೇಕು, ಅಮ್ಮನಿಗೂ ತೋರಿಸಬೇಕು ಎಂದು ಹಟ ಹಿಡಿದೆ.

"ನೀನೂ ನೋಡಿಲ್ವಲ್ಲಮ್ಮ?"

"ಎಲ್ಲಿಂದ ನೋಡೋದು? ಗ್ರಹಣ ಬಂದಾಗೆಲ್ಲ ನಾನು ಬಸುರಿ."

"ಈಗ ನಮ್ಮಿಬ್ಬರಲ್ಲಿ ಯಾರೂ ಬಸುರಿ ಅಲ್ವಲ್ಲ" ಎಂದೆ. ಅಮ್ಮ ನಕ್ಕಳೇ ಹೊರತು ಬರುತ್ತೇನೆ ಎನ್ನಲಿಲ್ಲ. ಫ್ರಿಜ್ಜಿನೊಳಗಿನ ದೋಸೆಹಿಟ್ಟಿಗೆ ದರ್ಭೆ ಇಟ್ಟು, ಟೀವಿ ಜ್ಯೋತಿಷಿಯ ಮುಂದೆ ಕೂತಳು. ಎದುರು ಮನೆಯ ನಸೀಮಾ ಗ್ರಹಣದ ನಮಾಜು ಮುಗಿಸಿ ತಾನೂ ಟೆರೇಸಿಗೆ ಬರುವುದಾಗಿ ಹೇಳಿದ್ದಳು. ನಾನು ಮೊಬೈಲಿನಲ್ಲಿ ಅಲಾರಂ ಇಟ್ಟು, ಸ್ವೆಟರನ್ನು ಕೈಗೆ ಸಿಗುವ ಹಾಗೆ ಇರಿಸಿಕೊಂಡು, ಸ್ವಲ್ಪ ಹೊತ್ತು ಅಡ್ಡಾಗೋಣವೆಂದು ಮಲಗಿದೆ.

ಎಚ್ಚರವಾದದ್ದು ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿಗೆ. ಎದ್ದೆನೋ ಬಿದ್ದೆನೋ ಎಂದು ಟೆರೇಸಿಗೆ ಓಡಿದರೆ, ಚಂದ್ರ ಏನೂ ಆಗಿಯೇ ಇಲ್ಲವೆಂಬಂತೆ ಬೆಳ್ಳಗೆ ದುಂಡಗೆ ಕೂತಿದ್ದ. ನಸೀಮಾ ಚಾಪೆ ಸುತ್ತುತ್ತಿದ್ದಳು.

"ಏನ್ ಮಿಸ್, ಈಗ ಬರ್ತಿದ್ದೀರಾ? ಅಮ್ಮ ಆಗ್ಲಿಂದ ಇಲ್ಲೇ ಇದ್ರು. ನಿಮ್ಗೆ ಮೈ ಹುಷಾರಿಲ್ಲ, ಎಬ್ಬಿಸ್ಬೇಡ ಅಂದ್ರು!"

ಕೆಳಗೆ ಬಂದಾಗ ಅಮ್ಮ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಸೋಫಾದ ಮೇಲಿದ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಎಲ್ಲಮ್ಮ ನನ್ನ ಫೋನು?"

"ಅಕ್ಕಿ ಡಬ್ಬದಲ್ಲಿದೆ. ಅಲಾರಂ ಹೆಂಗೆ ನಿಲ್ಸೋದು ಅಂತ ಗೊತ್ತಾಗ್ಲಿಲ್ಲ, ಒಳಗೆ ಹೂತಿಟ್ಟೆ. ಮೇಲೆ ದರ್ಭೆ ಹಾಕಿದ್ದೀನಿ, ಏನೂ ಆಗಲ್ಲ. ಕುಂಭ ರಾಶಿಯವ್ರು ನೋಡ್ಲೇಬಾರ್ದು ಅಂದ್ರು ಕಣೇ ಟೀವೀಲಿ."

"ನಿಂದೂ ಕುಂಭಾನೇ ಅಲ್ವೇನಮ್ಮ?"

"ನಂಗೇನಾಗ್ಬೇಕು ಇನ್ನು? ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತು, ಹೇಗಿತ್ತು ಎಂದು ಕೇಳಿದೆ.

"ಒಲೇಲಿ ಕೆಂಡ ಬೂದಿ ಮುಚ್ಕೊಳ್ಳೋ ಮುಂಚೆ ಇರುತ್ತಲ್ಲ, ಹಂಗೆ. ಇಷ್ಟು ಚೆನ್ನಾಗಿರುತ್ತೆ ಅಂತ ನಿಮ್ಮಪ್ಪ ಒಂದು ದಿನಾನೂ ಹೇಳ್ಲಿಲ್ಲ ನೋಡು" ಎಂದ ಅಮ್ಮನ ಮುಖದಲ್ಲಿ ಹೊಸ ಸೀರೆ ಉಟ್ಟವಳ ಖುಷಿಯಿತ್ತು. "ಹೋಗು, ತಲೆಗೆ ನೀರು ಹಾಕ್ಕೊ."

"ನಾನು ನೋಡ್ಲೇ ಇಲ್ವಲ್ಲಮ್ಮ!"

"ನೋಡೋಕೆ ಅಂತ ಓಡ್ಹೋದ್ಯಲ್ಲ, ಅಷ್ಟು ಸಾಕು."

ಮಾರನೇ ದಿನ ತರಗತಿಗೆ ಕಾಲಿಡುತ್ತಲೇ ಮಕ್ಕಳು, "ಮಿಸ್, ನೋಡಿದ್ರಾ?" ಎಂದು ಮುತ್ತಿಕೊಂಡವು. "ಪೂರ್ತಿ ನೋಡಿದೆ" ಎಂದು ಕೂಡಲೇ ಆ ಕೆಂಡವನ್ನು ಬಣ್ಣಿಸತೊಡಗಿದೆ. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ಮಮ್ಮ ನನ್ನ ಹೊರಗೇ ಬಿಡ್ಲಿಲ್ಲ ಮಿಸ್" ಎಂದಳು. ಮೂಢನಂಬಿಕೆಯ ಮೇಲೆ ನನ್ನ ಎಂದಿನ ಭಾಷಣ ಬಾಯಿತುದಿಗೆ ಬಂತು. ಅಷ್ಟರಲ್ಲಿ ನಡುರಾತ್ರಿಯ ಸ್ನಾನದ ಫಲವಾಗಿ ಸೀನೂ ಬಂತು. ಮೂಗು ಒರೆಸಿಕೊಂಡು, "ಹೋಗ್ಲಿ ಬಿಡು, ನಿಮ್ಮಮ್ಮನಾದ್ರೂ ನೋಡಿದ್ರಾ?" ಎಂದಷ್ಟೇ ಕೇಳಿದೆ.