ಮಸ್ಕಿ ಮಾವನ ನೆಟ್‌ವರ್ಕ್

ಮಸ್ಕಿಯಲ್ಲಿ ಇಂಟರ್ನೆಟ್ ಜೋಡಿಸುವ ಕೆಲಸಗಾರರು ಕಂಬ ಏರಲು ಹೆದರುವುದಿಲ್ಲ, ಬೀದಿನಾಯಿಗಳಿಗೂ ಹೆದರುವುದಿಲ್ಲ. ನನ್ನ ಸೋದರಮಾವನಿಗೆ ಮಾತ್ರ ಹೆದರುತ್ತಾರೆ. ಹಾಗಂತ ಮಾವ ಬೈಯುವ ಮನುಷ್ಯರಲ್ಲ. ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ, ಹಣೆಯ ಮೇಲೆ ವಿಭೂತಿ, ಮೆತ್ತನೆಯ ಮಾತು. ಆದರೆ ಅರ್ಥ ತಿಳಿಯದ ಒಂದು ಶಬ್ದವನ್ನೂ ಅವರು ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ!

ಮನೆಗೆ ನೆಟ್ ಹಾಕಲು ಬಂದ ಕೆಲಸಗಾರ, "ರೂಟರ್ ಎಲ್ಲಿಡ್ಲಿರೀ?" ಎಂದು ಕೇಳಿ ಸಿಕ್ಕಿಬಿದ್ದ.

"ರೂಟರ್ ಅಂದ್ರೇನು?"

"ಅದರಿಂದ ನೆಟ್ ಬರ್ತೈತ್ರಿ."

"ನಳದಿಂದ ನೀರು ಬರ್ತೈತಿ. ಹಂಗಂತ ನಳ ಅಂದ್ರ ನೀರೇನು?"

ಆತ ಕೈಯಲ್ಲಿ ವಯರ್ ಹಿಡಿದು ನಿಂತೇ ಇದ್ದ. ಮಾವ ನನಗೆ ಫೋನ್ ಹಚ್ಚಿದರು. ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಪಾಠ ನಿಲ್ಲಿಸಿ ಹೊರಗೆ ಬಂದು ಹೇಳಿದೆ: "ಮಾಮಾ, ಫೋನಿನಿಂದ ಹೊಂಟ ಮಾತು ಯಾವ ಕಡೆ ಹೋಗಬೇಕು ಅಂತ ದಾರಿ ತೋರ್ಸೋದು ಅದು."

ಮುಂದಿನ ವಾರ ಹೋಗಿ ನೋಡಿದರೆ, ರೂಟರ್ ದೇವರ ಜಗುಲಿಯಲ್ಲಿ ಗುರುಗಳ ಫೋಟೋ ಪಕ್ಕ ಕೂತಿತ್ತು. ಮೈಮೇಲೆ ಮೂರು ಬೆರಳಿನ ವಿಭೂತಿ ಬೇರೆ.

"ದಾರಿ ತೋರ್ಸೋರನ್ನ ಮೂಲ್ಯಾಗ ಕುಂದ್ರಸಾಕ ಬರ್ತೈತೇನು?" ಎಂದರು ಮಾವ.

ಒಳಗಿನಿಂದ ಅತ್ತೆಯ ದನಿ ಬಂತು: "ಮದುವಿ ಆದಾಗಿಂದ ನಾ ದಾರಿ ತೋರ್ಸಾಕತ್ತೀನಿ. ನನ್ನನ್ನ ಅಡಿಗಿ ಮನ್ಯಾಗ ಕುಂದ್ರಿಸ್ಯಾರ."

ಅವತ್ತು ಐಪಿ ಅಡ್ರೆಸ್ಸಿನ ಸರದಿ. ಮನೆಗಳಿಗೆ ನಂಬರ್ ಇರುವ ಹಾಗೆ, ನೆಟ್‌ವರ್ಕಿಗೆ ಸೇರಿದ ಪ್ರತಿ ಫೋನಿಗೂ ರೂಟರ್ ಒಂದು ನಂಬರ್ ಕೊಡುತ್ತದೆ ಎಂದು ವಿವರಿಸಿದೆ. ಮಾವ ಪರೀಕ್ಷೆ ಮಾಡದೆ ಬಿಡುತ್ತಾರೆಯೇ? ನೋಡಿದರೆ ಅತ್ತೆಯ ಫೋನಿನ ನಂಬರಿನ ಕೊನೆಗೆ ಎರಡು, ಮಾವನದಕ್ಕೆ ಐದು.

"ಮನಿ ಯಜಮಾನಗ ಐದಾ? ಯಾವ ಲೆಕ್ಕದ ಮ್ಯಾಲೆ ಕೊಡ್ತೈತಿ ಇದು?"

"ಸಾಮಾನ್ಯವಾಗಿ ಮೊದ್ಲು ಬಂದು ಸೇರಿದೋರಿಗೆ ಮೊದ್ಲಿನ ನಂಬರ್, ಮಾಮಾ."

"ಹಂಗಾರ ಈ ಮನ್ಯಾಗ ಮೊದ್ಲು ಯಾರು ಏಳ್ತಾರ ಅನ್ನೋದು ಅದಕ್ಕರ ಗೊತ್ತಾತು" ಎಂದು ಅತ್ತೆ ಚಹಾ ತಂದಿಟ್ಟರು.

ಮಾವನಿಗೆ ಒಬ್ಬ ಅಣ್ಣ ಇದ್ದಾರೆ, ಲಿಂಗಸುಗೂರಿನಲ್ಲಿ. ಯಾರದೋ ಮದುವೆಯ ಪಂಕ್ತಿಯಲ್ಲಿ ಆಡಿದ ಒಂದು ಮಾತಿಗೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಈಚೆಗೆ ದೊಡ್ಡ ಮಾವನಿಗೆ ಎದೆಯ ಆಪರೇಷನ್ ಆಯಿತು. ನನ್ನ ಅಮ್ಮ ಅಣ್ಣನನ್ನು ನೋಡಿ ಬಂದಳು. ಈ ಮಾವ ಹೋಗಲಿಲ್ಲ. "ಏನಂತ ಮಾತು ಸುರು ಮಾಡ್ಲಿ?" ಎಂದು ಅಮ್ಮನನ್ನೇ ಕೇಳಿದರಂತೆ. ಎಲ್ಲದಕ್ಕೂ ಅರ್ಥ ಕೇಳುವ ಮನುಷ್ಯನಿಗೆ ಅದೊಂದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಆಮೇಲೊಂದು ಭಾನುವಾರ ನೆಟ್ ಕೈಕೊಟ್ಟಿತ್ತು. ಕೆಲಸಗಾರರು ಫೋನ್ ಎತ್ತಲಿಲ್ಲ. ನಾನೇ ಹೋಗಿ ಲ್ಯಾಪ್‌ಟಾಪ್ ತೆರೆದು ಪಿಂಗ್ ಮಾಡತೊಡಗಿದೆ. ಮಾವ ಕುರ್ಚಿ ಎಳೆದುಕೊಂಡರು.

"ಪಿಂಗ್ ಅಂದ್ರ?"

"ಆ ಕಡೆ ಇನ್ನೂ ಐತೋ ಇಲ್ಲೋ ಅಂತ ತಿಳಿಯಾಕ ಒಂದು ಕಂಪ್ಯೂಟರ್ ಇನ್ನೊಂದಕ್ಕ 'ಅದಿಯೇನು?' ಅಂತ ಕೇಳೋದು. ಅದು 'ಅದೀನಿ' ಅನ್ನೋದು."

"ಆಮ್ಯಾಲೆ?"

"ಆಮ್ಯಾಲೆ ಏನಿಲ್ಲ. ಅಷ್ಟ."

"ಇಷ್ಟು ದಿನ ಯಾಕ ಕೇಳಲಿಲ್ಲ ಅಂತ ಅದು ತಿರುಗಿ ಕೇಳಂಗಿಲ್ಲ?"

"ಇಲ್ಲ ಮಾಮಾ."

ಮುಂದಿನ ಪ್ರಶ್ನೆಗೆ ನಾನು ತಯಾರಾಗಿದ್ದೆ. ಪ್ರಶ್ನೆ ಬರಲಿಲ್ಲ. ಮಾವ ಎದ್ದು ಪಡಸಾಲೆಗೆ ಹೋದರು. ಕಿವಿ ಮಂದವಾದ ಮೇಲೆ ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಹಾಗಾಗಿ ರಿಂಗ್ ಹೋಗುತ್ತಿದ್ದುದು ನನಗೂ ಕೇಳಿಸಿತು. ಆ ಕಡೆ ಎತ್ತಿದರು.

"ಅಣ್ಣಾ, ನಾ," ಎಂದರು ಮಾವ. "ಅದಿಯೇನು?"

ಆ ಕಡೆ ಯಾರೋ ಮಂಚದ ಮೇಲೆ ಏಳಲು ಕಷ್ಟಪಡುವ ಸದ್ದು.

"ಅದೀನೋ," ಎಂದಿತು ದೊಡ್ಡ ಮಾವನ ಸೊರಗಿದ ದನಿ.

ಮುಂದೆ ಇಬ್ಬರೂ ಏನೂ ಮಾತಾಡಲಿಲ್ಲ. ಫೋನನ್ನೂ ಇಡಲಿಲ್ಲ. ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.