ಬೆನ್ನಿನೊಳಗಿನ ಉಪ-ಉಗ್ರಾಣ

ಹಳೆಯ ಭಾಗವನ್ನು ಒಪ್ಪಿಸದವರಿಗೆ ಹೊಸ ಭಾಗವನ್ನು ಕೊಡತಕ್ಕದ್ದಲ್ಲ ಎಂಬುದು ಆ ಕಾರ್ಖಾನೆಯ ಉಗ್ರಾಣದ ನಿಯಮ. ಅದನ್ನು ಬರೆದವರೂ ಕಾಯುತ್ತಿದ್ದವರೂ ಉಗ್ರಾಣದ ಸಾಹೇಬರೇ. ಬೋಲ್ಟು ಕೇಳಿದವನಿಗೂ ಪೊರಕೆ ಕೇಳಿದವಳಿಗೂ ಅವರದು ಒಂದೇ ಪ್ರಶ್ನೆ: "ಹಳೇದೆಲ್ಲಿ?"

ಇಂಥವರ ಸೊಂಟದ ಎರಡು ಮೂಳೆಗಳ ನಡುವಿನ ಡಿಸ್ಕೇ ಸವೆದುಹೋಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬೂಟಿನ ದಾರ ಕಟ್ಟಲು ಹೆಂಡತಿ ಬೇಕು. ಕೃತಕ ಡಿಸ್ಕ್ ಕೂರಿಸಿದರೆ ಮೊದಲಿನಂತೆ ಬಗ್ಗಬಹುದು ಎಂದರು ಡಾಕ್ಟರು. ಖರ್ಚು ಕಾರ್ಖಾನೆಯದು. ಕಾರ್ಖಾನೆ ಕೊಂಡದ್ದೆಲ್ಲ ಉಗ್ರಾಣಕ್ಕೇ ಬರಬೇಕಾದ್ದರಿಂದ ಡಿಸ್ಕೂ ಬಂದು ಬೇರಿಂಗುಗಳ ಪಕ್ಕದ ಕಪಾಟಿನಲ್ಲಿ ಕೂತಿತು.

ಸಾಹೇಬರು ಕೈಚಾಚಿದರು. ಅವರ ಕೈಕೆಳಗೇ ಪಳಗಿದ ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡಳು.

"ಹಳೇದೆಲ್ಲಿ ಸಾರ್?"

"ಒಳಗಿದೆಯಲ್ಲಮ್ಮ."

"ತಂದುಕೊಡಿ."

"ಹೊಸದು ಕೈಗೆ ಬರದೆ ಡಾಕ್ಟರು ಹಳೇದನ್ನ ಮುಟ್ಟಲ್ಲ ಅಂತಾರೆ."

"ಪೊರಕೆಯವಳೂ ಏನೋ ಕಷ್ಟ ಹೇಳ್ಕೊಂಡಿದ್ಲು ಸಾರ್. ನೀವು ಕೇಳಿದ್ರಾ?"

ಕೇಳಿರಲಿಲ್ಲ. ಸಾಹೇಬರಿಗೆ ಗುಮಾಸ್ತೆಯ ಬಗ್ಗೆ ಹೆಮ್ಮೆಯಾಯಿತು. ಸೊಂಟಕ್ಕೆ ಮಾತ್ರ ಆಗಲಿಲ್ಲ. ತನ್ನ ನಿಯಮವನ್ನು ತಾನೇ ಸಡಿಲಿಸುವುದೆಂದರೆ ಗಿರಾಕಿಯ ಕಣ್ಣೆದುರೇ ತಕ್ಕಡಿಗೆ ಬೆರಳಿಟ್ಟಂತೆ. ಗೋಡೆ ಹಿಡಿದುಕೊಂಡು ಮನೆಗೆ ಹೋದರು.

"ನಿಮ್ಮ ಬೂಟು ಕಟ್ಟೀ ಕಟ್ಟೀ ನನ್ನ ಸೊಂಟವೂ ಹೋದ್ರೆ, ಕಪಾಟಲ್ಲಿ ಇನ್ನೊಂದಿದೆಯಾ?" ಎಂದಳು ಹೆಂಡತಿ. "ಅಲ್ಲಾ, ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಸಾಮಾನು ಕಳಿಸೋವಾಗ್ಲೂ ಹಳೇದು ಕೇಳ್ತೀರಾ?"

ಕೇಳುತ್ತಿರಲಿಲ್ಲ. ಮರುದಿನವೇ ಪ್ರಕಟಣೆ ಬಿತ್ತು: "ಸಾಹೇಬರ ಬೆನ್ನಿನ ಕೆಳಭಾಗವನ್ನು ಈ ಮೂಲಕ ಉಪ-ಉಗ್ರಾಣವೆಂದು ಘೋಷಿಸಲಾಗಿದೆ. ಅನುಮತಿ ಇಲ್ಲದೆ ಪ್ರವೇಶವಿಲ್ಲ."

ಡಾಕ್ಟರು ಗೇಟ್ ಪಾಸು ಮಾಡಿಸಿಕೊಂಡರು. ಇಂಥ ಡಿಸ್ಕನ್ನು ಕೂರಿಸುವುದು ಹೊಟ್ಟೆ ಕೊಯ್ದು ಮುಂದಿನಿಂದ; ಹಾಗಾಗಿ ಈ ಉಗ್ರಾಣಕ್ಕೆ ಹೊಟ್ಟೆಯ ಕಡೆಯಿಂದಲೇ ದಾರಿ ಎಂದು ಅದರಲ್ಲಿ ತಿದ್ದಿಸಿಯೂ ಕೊಂಡರು. ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿಯಿತು. ದಾಸ್ತಾನು ತಪಾಸಣೆಯ ದಿನ ಸಾಹೇಬರು ಬೇರಿಂಗುಗಳ ಪಕ್ಕ ನೆಟ್ಟಗೆ ನಿಂತರು. ತಪಾಸಣೆಯವರು ಸೊಂಟಕ್ಕೊಂದು ಚೀಟಿ ಅಂಟಿಸಿ, "ಸರಕು ಸುಸ್ಥಿತಿಯಲ್ಲಿದೆ" ಎಂದು ಮುಂದೆ ಹೋದರು.

ಆ ಸಂಜೆ ಹೆಂಡತಿ ಅಂದಳು, "ಸ್ವಲ್ಪ ಬಗ್ಗಿ ಆ ಪಾತ್ರೆ ಎತ್ಕೊಡಿ."

"ಉಗ್ರಾಣ ಐದು ಗಂಟೆಗೇ ಮುಚ್ಚಿತು ಕಣೇ. ಊಟ ಬಡಿಸು."

ಅವಳು ಸೌಟು ಹಿಡಿದುಕೊಂಡೇ ನಿಂತಳು. "ಹಳೇದೆಲ್ಲಿ?"

ಪ್ರಶ್ನೆ ನಿಯಮಬದ್ಧವಾಗಿಯೇ ಇತ್ತು. ಸಾಹೇಬರು ಸಲೀಸಾಗಿ ಬಗ್ಗಿ, ನೆಲದ ಮೇಲಿದ್ದ ಚೀಲದಿಂದ ಮಧ್ಯಾಹ್ನದ ಖಾಲಿ ಡಬ್ಬಿ ತೆಗೆದು ಒಪ್ಪಿಸಿದರು. ಹೊಟ್ಟೆತುಂಬ ಉಂಡು, ಬಗ್ಗಿದ್ದನ್ನು ಓವರ್‌ಟೈಮ್ ಎಂದು ಬರೆದುಕೊಂಡರು.